ನಲವತ್ತನೆಯವಳು

ತುಮಕೂರಿನ ಎಂ.ಜಿ. ರಸ್ತೆಯಲ್ಲಿದ್ದ ಮಹಾದೇವಯ್ಯನವರ ಸೀರೆ ಅಂಗಡಿಗೆ ಬರೀ ದಾರಿ ಕೇಳಲು ಬಂದ ಹೆಂಗಸರೂ ಕೈಯಲ್ಲೊಂದು ಕವರು ಹಿಡಿದುಕೊಂಡೇ ಆಚೆ ಹೋಗುತ್ತಿದ್ದರು. ಅದಕ್ಕೆ ವನಜಾಕ್ಷಿ ಕಾರಣ. ಏನು ಬೇಕು ಎಂದು ಅವಳು ಯಾರನ್ನೂ ಕೇಳಿದವಳಲ್ಲ. ಬಂದವಳ ಮುಖ ಒಮ್ಮೆ ನೋಡುವಳು, ಉಟ್ಟ ಸೀರೆ ಒಮ್ಮೆ ನೋಡುವಳು, ಜೊತೆಯಲ್ಲಿ ಅತ್ತೆಯೋ ನಾದಿನಿಯೋ ಇದ್ದರೆ ಆಕೆಯ ಹುಬ್ಬು ಎಷ್ಟು ಗಂಟಿಕ್ಕಿದೆ ಎಂದೂ ಅಳೆಯುವಳು. ಆಮೇಲೆ ನಿಧಾನವಾಗಿ, "ಅಕ್ಕಾ, ನೀವು ತಗೊಳೋದೇನೂ ಬ್ಯಾಡ. ಈ ಬಣ್ಣ ನಿಮ್ ಮೈಗೆ ಹೆಂಗ್ ಕಾಣ್ತದೆ ಅಂತ ನಾನು ನೋಡ್ಬೇಕು, ಒಂದ್ ಸಲ ಹೆಗಲ್ ಮೇಲೆ ಹಾಕ್ಕೊಳಿ ಸಾಕು" ಎನ್ನುವಳು. ಹಾಗೆ ಹೆಗಲಿಗೇರಿದ ಸೀರೆ ಮತ್ತೆ ಕಪಾಟಿಗೆ ವಾಪಸ್ಸು ಹೋದದ್ದು ಬಲು ಕಡಿಮೆ.

ಅವಳು ಹುಟ್ಟಿದ್ದು ಗುಬ್ಬಿಯಲ್ಲಿ. ಕುಣಿಗಲ್ ಕಡೆಯ ಗಂಗರಾಜುವನ್ನು ಮದುವೆಯಾಗಿ ತುಮಕೂರಿಗೆ ಬಂದು ಶೆಟ್ಟಿಹಳ್ಳಿಯಲ್ಲಿ ಸಂಸಾರ ಹೂಡಿದಳು. ಗಂಗರಾಜು ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದ. ಕುಡಿತವಿಲ್ಲ, ಕೋಪವಿಲ್ಲ, ಮಾತೂ ಇಲ್ಲ; ಅವನ ಪಾಲಿನ ಮಾತನ್ನೂ ಅವನ ತಾಯಿ ಸಿದ್ದಲಕ್ಷ್ಮಮ್ಮನೇ ಆಡಿ ಮುಗಿಸುತ್ತಿದ್ದಳು. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ವನಜಾಕ್ಷಿ ಅಂಗಡಿಗೆ ಸೇರಿದಾಗ ಅವಳಿಗೆ ಇಪ್ಪತ್ತಾರು ವರ್ಷ, ಎರಡು ಮಕ್ಕಳು. ಮನೆಯಲ್ಲಿ ಅತ್ತೆಯ ಎದುರು ಆಡಲು ಆಗದ ಮಾತುಗಳೆಲ್ಲ ಅಂಗಡಿಯಲ್ಲಿ ಖರ್ಚಾಗುತ್ತಿದ್ದವು. ಮಹಾದೇವಯ್ಯನವರಿಗೆ ಇದರಿಂದ ಒಳ್ಳೆಯದೇ ಆಯಿತು.

ಆಗ ಅಂಗಡಿಯಲ್ಲಿ ಬಿಳಿ ಬಟ್ಟೆ ಹಾಸಿದ ಗಾದಿ. ಗಿರಾಕಿಗಳೂ ಕೂರುವರು, ತೋರಿಸುವವರೂ ಕೂರುವರು, ಕೂತಲ್ಲೇ ಕಾಫಿ ಬರುವುದು. ತೊಂಬತ್ತಾರರಲ್ಲಿ ಮಹಾದೇವಯ್ಯನವರು ಬೆಂಗಳೂರಿನ ಚಿಕ್ಕಪೇಟೆಗೆ ಮಾಲು ತರಲು ಹೋದವರು ಅಲ್ಲಿನ ದೊಡ್ಡ ಅಂಗಡಿಗಳಲ್ಲಿ ಗಾಜಿನ ಕೌಂಟರು ನೋಡಿಕೊಂಡು ಬಂದರು. ಮೂರು ತಿಂಗಳಲ್ಲಿ ಗಾದಿ ಹೋಯಿತು, ಕೌಂಟರು ಬಂತು, ಸಾಲುಸಾಲು ಟ್ಯೂಬ್‌ಲೈಟು ಬಂತು, ಅದರ ಹಿಂದೆಯೇ ಒಂದು ಕಾನೂನೂ ಬಂತು.

"ನೋಡ್ರಮ್ಮ, ನೀವು ಕೂತಿದ್ರೆ ರೋಡಲ್ಲಿ ಹೋಗೋರ್ಗೆ ಈ ಅಂಗ್ಡೀಲಿ ಯಾಪಾರ ಇಲ್ಲ ಅನ್ನಿಸ್ತದೆ" ಎಂದರು ಮಹಾದೇವಯ್ಯ. "ನಿಂತಿದ್ರೆ ಕಳೆ. ಬೆಳಗ್ಗೆಯಿಂದ ಬಾಗ್ಲು ಹಾಕೋಗಂಟ ಯಾರೂ ಕೂರಂಗಿಲ್ಲ."

ಇಷ್ಟು ಹೇಳಿ ಅವರು ಗಲ್ಲಾದ ಹಿಂದಿನ ಮೆತ್ತನೆಯ ಕುರ್ಚಿಯಲ್ಲಿ ಕುಳಿತರು. ಕೆಟ್ಟ ಮನುಷ್ಯರೇನಲ್ಲ. ದಿನಾ ಲಿಂಗಪೂಜೆ ಮಾಡದೆ ತೊಟ್ಟು ನೀರು ಕುಡಿಯದವರು, ಮಠದಲ್ಲಿ ದಾಸೋಹವಿದ್ದರೆ ಅಕ್ಕಿ ಮೂಟೆ ಕಳಿಸುವವರು. ದಿನಕ್ಕೆ ಹನ್ನೊಂದು ಗಂಟೆ ಹೊತ್ತು ನಿಲ್ಲುವುದೆಂದರೇನು ಎಂಬ ಯೋಚನೆ ಮಾತ್ರ ಅವರ ತಲೆಗೆ ಹೊಳೆದಿರಲಿಲ್ಲ, ಅಷ್ಟೆ.

ವನಜಾಕ್ಷಿ ಒಂದೇ ವಾರದಲ್ಲಿ ದಾರಿ ಕಂಡುಕೊಂಡಳು. ಸೀರೆಗೆ ಹಾಕುವ ಪಿನ್ನಿನ ಡಬ್ಬಿ ಕೈಜಾರಿ ಬೀಳಲು ಶುರುವಾಯಿತು. "ಅಯ್ಯೋ, ಪಿನ್ನು ಚೆಲ್ಲೋಯ್ತು, ಗಿರಾಕಿಗಳ ಕಾಲಿಗೆ ಚುಚ್ಚಿದ್ರೆ ಏನ್ ಗತಿ" ಎನ್ನುತ್ತ ಕೌಂಟರಿನ ಹಿಂದೆ ನೆಲಕ್ಕೆ ಕೂತರೆ ಹತ್ತು ನಿಮಿಷ ಮೇಲೇಳುತ್ತಿರಲಿಲ್ಲ. ಒಂದೊಂದೇ ಪಿನ್ನನ್ನು ಮುತ್ತು ಆರಿಸಿದ ಹಾಗೆ ಆರಿಸುವಳು. ಉಳಿದ ಹುಡುಗಿಯರೂ ವಿದ್ಯೆ ಕಲಿತರು. ಆ ವರ್ಷ ಅಂಗಡಿಯಲ್ಲಿ ಪಿನ್ನು ಬಿದ್ದಷ್ಟು ಸಲ ಮಳೆಯೂ ಬೀಳಲಿಲ್ಲ. ಇಷ್ಟೊಂದು ಕೈನಡುಕ ಇವರಿಗೆಲ್ಲ ಒಟ್ಟಿಗೆ ಹೇಗೆ ಬಂತು ಎಂದು ಮಹಾದೇವಯ್ಯನವರಿಗೆ ಆಶ್ಚರ್ಯವಾಗಿ, ಎಲ್ಲರಿಗೂ ಒಂದೊಂದು ಲೋಟ ಹಾಲು ಕೊಡಿಸಿದರು.

ಆದರೆ ಹತ್ತು ನಿಮಿಷದ ಪಿನ್ನಿನಿಂದ ಎಷ್ಟು ತಾನೇ ಆದೀತು? ಎರಡನೆಯ ಮಗು ಆದಾಗಲೇ ಅವಳ ಎಡಗಾಲಿನ ಮೀನಖಂಡದಲ್ಲಿ ರಕ್ತನಾಳ ಸ್ವಲ್ಪ ಉಬ್ಬಿತ್ತು. ನಿಲ್ಲುವ ಕೆಲಸ ಹತ್ತಿದ ಮೇಲೆ ಅದು ಹಾವಿನಂತೆ ಸುತ್ತಿಕೊಂಡು ಮಂಡಿಯವರೆಗೂ ಹತ್ತಿತು. ಅದೇನು ದೊಡ್ಡ ವಿಷಯವಲ್ಲ, ಅವಳ ತಾಯಿಗೂ ಇತ್ತು, ಸೀರೆ ಮುಚ್ಚುತ್ತಿತ್ತು. ಮುಚ್ಚಿಡಲಾಗದಿದ್ದದ್ದು ಇನ್ನೊಂದು. ಮಧ್ಯಾಹ್ನ ಮೂರಾಗುತ್ತಿದ್ದಂತೆ ಕೆಳಹೊಟ್ಟೆಯಲ್ಲಿ ಏನೋ ಭಾರ ಕೂರುವುದು. ಐದಕ್ಕೆ ಅದು ನೋವಾಗುವುದು. ಅಂಗಡಿ ಮುಚ್ಚುವ ಹೊತ್ತಿಗೆ ಸೊಂಟ, ತೊಡೆ ಎಲ್ಲ ಸೇರಿ ಕೆಳಕ್ಕೆ ಎಳೆದಂತಾಗಿ, ಶೆಟ್ಟಿಹಳ್ಳಿ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಅಳು ಬರುವುದು. ಮಲಗಿದರೆ ಇಳಿಯುವುದು. ಮುಟ್ಟಿನ ಹಿಂದಿನ ವಾರವಂತೂ ಹೇಳುವುದೇ ಬೇಡ.

ಮೊದಲು ತೋರಿಸಿದ ಡಾಕ್ಟರು ಗ್ಯಾಸ್ ಅಂದರು. ಎರಡನೆಯವರು ಜಂತುಹುಳ ಎಂದು ಮನೆಮಂದಿಗೆಲ್ಲ ಮಾತ್ರೆ ಬರೆದರು. ಏನೂ ಆಗದ ಗಂಗರಾಜು ಮೂರು ದಿನ ಹೊಟ್ಟೆ ತೊಳಸಿಕೊಂಡು ಕೂತ. ಮೂರನೆಯವರು ತೊಂಬತ್ತೇಳರಲ್ಲಿ ಸ್ಕ್ಯಾನಿಗೆ ಕಳಿಸಿದರು. ಬೆಳಗಿನ ಹೊತ್ತು, ಮಲಗಿಸಿ, ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ನೋಡಿದರು. ವನಜಾಕ್ಷಿಗೆ ಆ ಹೊತ್ತಿನಲ್ಲಿ ನೋವೇ ಇರಲಿಲ್ಲ. ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್ ಎಂದಿತ್ತು. "ಮನಸ್ಸಿಗೆ ಜಾಸ್ತಿ ಹಚ್ಕೋಬೇಡಿ" ಎಂದು ಡಾಕ್ಟರು ನಕ್ಕು ಕಳಿಸಿದರು.

ಆ ರಿಪೋರ್ಟನ್ನು ಸಿದ್ದಲಕ್ಷ್ಮಮ್ಮ ಪ್ಲಾಸ್ಟಿಕ್ ಕವರಿಗೆ ಹಾಕಿ, ಮನೆಪತ್ರದ ಜೊತೆ ಬೀರುವಿನಲ್ಲಿಟ್ಟಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಆ ಒಂದು ಪದ ಸಾಕಾಗಿತ್ತು. ಸೊಸೆ ಸಂಜೆ ಬಂದು ಚಾಪೆಯ ಮೇಲೆ ಉರುಳಿದರೆ, "ನಾರ್ಮಲ್ ಅಂತ ಬಂದೈತಲ್ಲೇ ವನಜಾ" ಎನ್ನುವಳು. ಹಿಟ್ಟು ಕಲಸುವಾಗ ಸೊಂಟ ಹಿಡಿದುಕೊಂಡರೆ, "ನಮ್ ಕಾಲ್ದಲ್ಲಿ ಇವ್ಯಾವೂ ಇರ್ಲಿಲ್ಲ ಕಣಮ್ಮ, ಎಲ್ಲಾರೂ ನಾರ್ಮಲ್ಲೇ" ಎನ್ನುವಳು. ಗಂಗರಾಜು ತಾಯಿಯ ಮುಖ ನೋಡುವನು, ಹೆಂಡತಿಯ ಮುಖ ನೋಡುವನು, ಕಡೆಗೆ ಚಪ್ಪಲಿ ಮೆಟ್ಟಿಕೊಂಡು ಬೀಡಾ ಅಂಗಡಿಗೆ ಹೋಗುವನು. ವನಜಾಕ್ಷಿ ಬಾಯಿಗೆ ಬೀಗ ಹಾಕಿಕೊಂಡಳು. ಏಳು ವರ್ಷ ಅವಳು ಆ ನೋವಿನ ವಿಷಯ ತುಟಿ ಪಿಟಕ್ಕೆನ್ನಲಿಲ್ಲ. ಕೆಲವೊಮ್ಮೆ ಅವಳಿಗೇ ಸಂಶಯ ಬರುತ್ತಿತ್ತು: ಇದು ನಿಜವಾಗಿಯೂ ಇದೆಯೋ, ಅಥವಾ ನಾನೇ ಕಟ್ಟಿಕೊಂಡದ್ದೋ? ನೋವಿಗಿಂತ ಆ ಸಂಶಯ ಅವಳನ್ನು ಹೆಚ್ಚು ಕೊರೆಯುತ್ತಿತ್ತು.

ಎರಡು ಸಾವಿರದ ನಾಲ್ಕರ ಫೆಬ್ರವರಿಯಲ್ಲಿ ಶಶಿರೇಖಾ ಎಂಬ ಡಾಕ್ಟರು ಅಂಗಡಿಗೆ ಬಂದರು. ಊರಿನ ಒಂದು ಮೆಡಿಕಲ್ ಕಾಲೇಜಿನವರು, ಮೂವತ್ತರ ಆಚೀಚೆ, ತಂಗಿಯ ಮದುವೆಗೆ ಸೀರೆ ಬೇಕಿತ್ತು. ವನಜಾಕ್ಷಿ ಮೇಲಿನ ಕಪಾಟಿನ ಸೀರೆ ತೆಗೆಯಲು ಏಣಿ ಹತ್ತಿದಾಗ ಅವರ ಕಣ್ಣು ಸೀರೆಯ ಬದಲು ಅವಳ ಕಾಲಿನ ಮೇಲೆ ಬಿತ್ತು.

"ನಿಮ್ಮ ಕಾಲು ಎಷ್ಟು ವರ್ಷದಿಂದ ಹೀಗಿದೆ?" ಎಂದು ಕೇಳಿದರು.

"ಅದು ನಮ್ ತೌರ್ಮನೆ ಆಸ್ತಿ ಮೇಡಂ, ನಮ್ಮವ್ವ ಕೊಟ್ಟಿದ್ದು. ನೀವು ಈ ನವಿಲ್ ಬಣ್ಣ ನೋಡಿ" ಎಂದಳು ವನಜಾಕ್ಷಿ.

ಡಾಕ್ಟರು ನವಿಲು ಬಣ್ಣದ ಸೀರೆ ಕೊಂಡರು. ಆದರೆ ಹೋಗಲಿಲ್ಲ. ಅವರಿಗೂ ಒಂದು ವ್ಯಾಪಾರವಿತ್ತು, ಅದು ಕುದುರುತ್ತಿರಲಿಲ್ಲ. ಕಾಲಿನ ವಿಷಯ ಯಾಕೆ ಎಂದು ವನಜಾಕ್ಷಿ ಕೇಳಿದ್ದಕ್ಕೆ ಸರಳವಾಗಿ ಹೇಳಿದರು. "ಕಾಲಿನ ರಕ್ತನಾಳ ಹೀಗೆ ಉಬ್ಬಿದೋರಲ್ಲಿ ಕೆಲವರಿಗೆ ಗರ್ಭಕೋಶದ ಸುತ್ತ ಇರೋ ರಕ್ತನಾಳಾನೂ ಉಬ್ಬಿರುತ್ತೆ. ಹೊರಗೆ ಕಾಣಲ್ಲ. ಒಬ್ಬೊಬ್ಬರಿಗೆ ವರ್ಷಗಟ್ಟಲೆ ಕೆಳಹೊಟ್ಟೆ ನೋವು, ಇನ್ನು ಕೆಲವರಿಗೆ ಏನೂ ಇಲ್ಲ. ನಾಳ ಹಿಗ್ಗಿದಾಗ ಪಕ್ಕದ ನರದ ತುದಿಗಳು ರಕ್ತಕ್ಕೆ ಒಂದಿಷ್ಟು ಪದಾರ್ಥ ಬಿಡ್ತಾವೆ. ನೋವಿರೋರ ರಕ್ತದಲ್ಲಿ ಅದು ಜಾಸ್ತಿ ಇರುತ್ತಾ ಅಂತ ನೋಡ್ಬೇಕು ನಾನು. ಅದಕ್ಕೆ ಕಾಲು ಹೀಗಿರೋ ಎಂಬತ್ತು ಜನ ಹೆಂಗಸರು ಬೇಕು. ನಲವತ್ತು ಜನ ನೋವಿರೋರು, ನಲವತ್ತು ಜನ ಇಲ್ಲದೋರು."

ವನಜಾಕ್ಷಿಯ ಕೈ ಸೀರೆ ಮಡಿಸುವುದನ್ನು ಮರೆಯಿತು. "ಅಂದ್ರೆ ಬಾಯಲ್ಲಿ ಹೇಳ್ದಿದ್ರೂವೆ ರಕ್ತ ಹೇಳ್ತದಾ ಮೇಡಂ?"

"ಹೇಳಬಹುದು, ಹೇಳದೇನೂ ಇರಬಹುದು. ಅದೇ ನನ್ನ ಪ್ರಶ್ನೆ."

"ಈಗ ಎಷ್ಟು ಜನ ಸಿಕ್ಕವ್ರೆ?"

"ಆರು ತಿಂಗಳಿಗೆ ಹನ್ನೊಂದು."

ವನಜಾಕ್ಷಿಗೆ ನಿಜವಾಗಿಯೂ ನಾಚಿಕೆಯಾಯಿತು. ಓದಿದ ಹೆಂಗಸು, ಇಷ್ಟು ಒಳ್ಳೆಯ ಮಾಲು ಇಟ್ಟುಕೊಂಡು, ಆರು ತಿಂಗಳಿಗೆ ಹನ್ನೊಂದು. "ಮೇಡಂ, ನಿಮ್ಗೆ ಯಾಪಾರ ಮಾಡಾಕೆ ಬರಲ್ಲ. ನೀವು ಸೂಜಿ ರೆಡಿ ಮಾಡ್ಕೊಳಿ, ಜನ ನಾನು ತರ್ತೀನಿ" ಎಂದಳು. ತನ್ನ ನೋವಿನ ವಿಷಯ ಮಾತ್ರ ಎತ್ತಲಿಲ್ಲ. ಡಾಕ್ಟರು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮದುವೆ ಜವಳಿಯವರು ಹದಿನಾಲ್ಕು ಮಂದಿ ಒಳಗೆ ನುಗ್ಗಿದರು.

ವಾರದ ರಜೆಯ ದಿನ ಗುಬ್ಬಿಯಲ್ಲಿ, ಅವಳ ತವರು ಬೀದಿಯ ಶಾಲೆಯ ಕೋಣೆಯಲ್ಲಿ ಮೊದಲ ಶಿಬಿರ. ರಕ್ತ ತೆಗೆಯಲು ಕಾಲೇಜಿನ ಲ್ಯಾಬಿನ ಅಂಜನಮೂರ್ತಿ ಬಂದಿದ್ದರು. ಇಪ್ಪತ್ತೆರಡು ವರ್ಷ ಸರ್ವೀಸು, ಕೊಳವೆಗೆ ಚೀಟಿ ಅಂಟಿಸುವ ಮೊದಲು ಹೆಸರನ್ನು ಮೂರು ಸಲ ಕೇಳುವ ಮನುಷ್ಯ. ಊರಿನಲ್ಲಿ ಆಗಲೇ ಗುಲ್ಲೆದ್ದಿತ್ತು, ಹೆಂಗಸರ ರಕ್ತ ತೆಗೆದು ಬೆಂಗಳೂರಿಗೆ ಮಾರುತ್ತಾರಂತೆ ಎಂದು.

"ನಿನ್ ರಕ್ತ ಯಾರೇ ಕೊಂಡ್ಕೊಂತಾರೆ?" ಎಂದು ವನಜಾಕ್ಷಿ ಬಾಗಿಲಲ್ಲೇ ನಿಂತು ತನ್ನ ಬಾಲ್ಯದ ಗೆಳತಿಯರನ್ನು ತರಾಟೆಗೆ ತೆಗೆದುಕೊಂಡಳು. "ತಗೊಳೋದು ಒಂದೆರ್ಡು ಚಮ್ಚ. ವರ್ಷಕ್ಕೆ ಸೊಳ್ಳೆ ಎಷ್ಟು ಕುಡೀತದೆ ಅಂತ ಕೇಳಿದ್ದೀಯಾ ಯಾವತ್ತಾದ್ರೂ?"

ಗುಬ್ಬಿಯ ಹೆಂಗಸರು ಒಬ್ಬೊಬ್ಬರೇ ಬಂದಿದ್ದರು. ಬಾಗಿಲು ಹಾಕಿಕೊಂಡು ಡಾಕ್ಟರ ಹನ್ನೆರಡು ಪ್ರಶ್ನೆಗೂ ಉತ್ತರ ಕೊಟ್ಟರು. ಎರಡೂ ಪಟ್ಟಿ ಹದವಾಗಿ ತುಂಬಿದವು.

ಕುಣಿಗಲ್ಲಿನಲ್ಲಿ ಬೇರೆಯೇ ಕಥೆ. ಅಲ್ಲಿ ಪ್ರತಿಯೊಬ್ಬ ಸೊಸೆಯ ಜೊತೆಗೂ ಒಬ್ಬ ಅತ್ತೆ ಬಂದಿದ್ದಳು. ಅತ್ತೆಯರೆಲ್ಲ ಒಂದೇ ಬೆಂಚಿನಲ್ಲಿ ಕೂತು, ಎಲೆಅಡಿಕೆ ಹಾಕಿಕೊಂಡು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಕೆಳಹೊಟ್ಟೆ ನೋವಿದೆಯಾ ಎಂದರೆ ಇಲ್ಲ. ಸಂಜೆ ಹೊತ್ತು ಭಾರ ಅನ್ನಿಸುತ್ತದೆಯೇ ಎಂದರೆ ಇಲ್ಲ. ಶಶಿರೇಖಾ ಖುಷಿಯಾಗಿ ನೋವಿಲ್ಲದವರ ಪಟ್ಟಿ ತುಂಬುತ್ತಿದ್ದರು. ಒಬ್ಬಳಂತೂ ಒಂದು ಕೈ ಕೆಳಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಇಲ್ಲ ಎಂದು ತಲೆಯಾಡಿಸಿದಳು. ವನಜಾಕ್ಷಿಗೆ ತಡೆಯಲಾಗಲಿಲ್ಲ. ಗಿರಾಕಿ ಯಾವಾಗ ಸುಳ್ಳು ಹೇಳುತ್ತಾಳೆ ಎಂಬುದು ಅವಳಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು?

ಅವಳು ಅಂಗಡಿಯಿಂದ ತಂದಿದ್ದ ಒಂದು ಗಂಟನ್ನು ಪಕ್ಕದ ಕೋಣೆಯಲ್ಲಿ ಬಿಚ್ಚಿದಳು. "ಅಮ್ಮಾ, ವಯಸ್ಸಾದೋರ್ಗೆ ಅಂತಾನೇ ಬಂದವೆ, ಮೆತ್ತಗಿರೋವು, ಒಗದ್ರೆ ಬಣ್ಣ ಹೋಗಲ್ಲ. ಸುಮ್ಕೆ ನೋಡಿ, ತಗೊಳೋದೇನೂ ಬ್ಯಾಡ" ಎಂದು ಬೆಂಚಿನ ಕಡೆಗೆ ಕೂಗಿದಳು. ಎರಡು ನಿಮಿಷದಲ್ಲಿ ಬೆಂಚು ಖಾಲಿ. ಒಂದು ಗಂಟೆ ಆ ಕಡೆ ವನಜಾಕ್ಷಿ ಸೀರೆ ಹೊದಿಸುತ್ತಿದ್ದರೆ, ಈ ಕಡೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಶಶಿರೇಖಾ ಮತ್ತೆ ಮೊದಲಿನಿಂದ ಪ್ರಶ್ನೆ ಕೇಳುತ್ತಿದ್ದರು. ನೋವಿಲ್ಲ ಎಂದಿದ್ದವರಲ್ಲಿ ಒಂಬತ್ತು ಮಂದಿಗೆ ನೋವಿತ್ತು. ಇಬ್ಬರು ಅತ್ತುಬಿಟ್ಟರು. ವನಜಾಕ್ಷಿ ಏಳು ಸೀರೆ ಮಾರಿದಳು.

ಇದರಿಂದ ಒಂದು ಫಜೀತಿಯಾಯಿತು. ನೋವಿನ ಪಟ್ಟಿ ನಲವತ್ತಕ್ಕೆ ಮುಟ್ಟಿ ಮಿಕ್ಕಿತು. ನೋವಿಲ್ಲದವರ ಪಟ್ಟಿ ಬರಿದಾಗುತ್ತ ಬಂತು. ಇನ್ನೂ ಎರಡು ವಾರ ಊರೂರು ಅಲೆದು, ಕಡೆಯ ದಿನದ ಹೊತ್ತಿಗೆ ಮೂವತ್ತೊಂಬತ್ತಕ್ಕೆ ನಿಂತುಹೋಯಿತು. ಮಾರನೆಯ ಬೆಳಗ್ಗೆ ರಕ್ತವೆಲ್ಲ ಐಸ್ ಪೆಟ್ಟಿಗೆಯಲ್ಲಿ ಬೆಂಗಳೂರಿನ ಲ್ಯಾಬಿಗೆ ಹೋಗಬೇಕು. ಡಾಕ್ಟರ ಮುಖ ಸಪ್ಪಗಾಗಿತ್ತು.

ಈಗ ಜವಳಿ ಅಂಗಡಿಯವರ ಒಂದು ಗುಟ್ಟು ಹೇಳಬೇಕು. ಮದುವೆ ಮನೆಯ ತಾಂಬೂಲಕ್ಕೆ ರವಿಕೆ ಕಣಗಳನ್ನು ಇಪ್ಪತ್ತೈದರ ಕಟ್ಟು ಮಾಡಿ ಕೊಡುತ್ತಾರೆ. ಎಲ್ಲ ಒಂದೇ ಮಾಲು, ಒಂದೇ ಅಳತೆ. ಒಂದು ಕಡಿಮೆ ಬಿದ್ದರೆ ಕಟ್ಟನ್ನು ಹಾಗೇ ಬಿಡುವಂತಿಲ್ಲ, ಅಪಶಕುನ. ಬೇರೆ ಮಾಲಿನದ್ದೇ ಆದರೂ ನೋಡಲು ಹಾಗೇ ಕಾಣುವ ಒಂದು ಕಣವನ್ನು ನಟ್ಟನಡುವೆ ಸೇರಿಸಿ ದಾರ ಕಟ್ಟಿಬಿಡುತ್ತಾರೆ. ಮದುವೆ ಗಲಾಟೆಯಲ್ಲಿ ಯಾರೂ ಕಟ್ಟು ಬಿಚ್ಚಿ ಪರೀಕ್ಷೆ ಮಾಡುವುದಿಲ್ಲ. ಹದಿಮೂರು ವರ್ಷದಲ್ಲಿ ವನಜಾಕ್ಷಿ ಒಂದು ಕಟ್ಟನ್ನೂ ಮುರುಕಾಗಿ ಕಳಿಸಿದವಳಲ್ಲ.

"ಮೇಡಂ, ನನ್ನ ತಗೊಳಿ" ಎಂದಳು.

ಶಶಿರೇಖಾ ತಲೆ ಎತ್ತಿದರು. "ನಿಮಗೆ ನೋವಿಲ್ವಾ?"

"ನಂದು ನಾರ್ಮಲ್ಲು ಮೇಡಂ. ರಿಪೋರ್ಟೇ ಐತೆ."

ಹನ್ನೆರಡು ಪ್ರಶ್ನೆಗೂ ಇಲ್ಲ ಎಂದಳು. ಊರ ಸೊಸೆಯರ ಸುಳ್ಳನ್ನೆಲ್ಲ ಹಿಡಿದುಕೊಟ್ಟ ಮಹಾತಾಯಿ, ತನ್ನ ಸುಳ್ಳನ್ನು ಒಂದು ಎಳೆಯೂ ಕಾಣದಂತೆ ನೇಯ್ದಳು. ಸುಳ್ಳು ಎಂದು ಅವಳಿಗೆ ಅನ್ನಿಸಲೂ ಇಲ್ಲ, ಏಳು ವರ್ಷದಿಂದ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದುದನ್ನೇ ಹೇಳಿದ್ದಳು. ಅಂಜನಮೂರ್ತಿಯವರು ಮೂರು ಸಲ ಹೆಸರು ಕೇಳಿ, ಕೊಳವೆಗೆ ನಲವತ್ತು ಎಂದು ಚೀಟಿ ಅಂಟಿಸಿದರು. ಕಟ್ಟು ಪೂರ್ತಿಯಾಯಿತು.

ಜೂನ್ ತಿಂಗಳಲ್ಲಿ ಶಶಿರೇಖಾ ಮತ್ತೆ ಅಂಗಡಿಗೆ ಬಂದರು. ಸೀರೆ ತೋರಿಸಲು ಹೋದರೆ ಬೇಡವೆಂದರು.

"ಬೆಂಗಳೂರಿಂದ ಅಂಕಿಗಳು ಬಂದಿವೆ" ಎಂದು ತಗ್ಗಿದ ದನಿಯಲ್ಲಿ ಶುರುಮಾಡಿದರು. "ನೋವಿರೋರಲ್ಲಿ ಬಹಳ ಜನಕ್ಕೆ ಜಾಸ್ತಿ ಇದೆ. ಇಲ್ಲದೋರಲ್ಲಿ ಕಮ್ಮಿ. ಅಷ್ಟೇ ಆಗಿದ್ರೆ ಹಬ್ಬ ಮಾಡ್ತಿದ್ದೆ. ಆದ್ರೆ ಇಲ್ಲದೋರ ಪಟ್ಟೀಲಿ ಒಂದು ಕೊಳವೆ ಇದೆ, ಎಂಬತ್ತರಲ್ಲೂ ಅದೇ ಎಲ್ಲಕ್ಕಿಂತ ಜಾಸ್ತಿ. ನಮ್ಮ ಪ್ರೊಫೆಸರ್ ಕೊಳವೆಗಳು ಅದಲುಬದಲಾಗಿವೆ, ಒಂದು ಬದಲಾಗಿದ್ರೆ ಇನ್ನೆಷ್ಟು ಬದಲಾಗಿದೆಯೋ, ಎಲ್ಲಾ ಬಿಸಾಕಿ ಅಂತಿದ್ದಾರೆ. ಅಂಜನಮೂರ್ತಿ ಮೂರು ದಿನದಿಂದ ಊಟದ ಡಬ್ಬಿ ತೆಗೆದಿಲ್ಲ."

"ಯಾವ ನಂಬರು ಮೇಡಂ?"

"ನಲವತ್ತು. ನಿಮ್ಮದು."

ವನಜಾಕ್ಷಿ ಕೌಂಟರಿನ ಅಂಚು ಹಿಡಿದುಕೊಂಡಳು. ಸಿಕ್ಕಿಬಿದ್ದೆನೆಂಬ ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ಎಂಬತ್ತರಲ್ಲಿ ಎಲ್ಲಕ್ಕಿಂತ ಜಾಸ್ತಿ. ಅದು ಇದೆ. ತಾನು ಕಟ್ಟಿಕೊಂಡದ್ದಲ್ಲ. ತನ್ನ ಮುಖ ನೋಡದ, ತನ್ನ ಮಾತು ಕೇಳದ ಬೆಂಗಳೂರಿನ ಯಾವುದೋ ಯಂತ್ರ ಅದನ್ನು ಕಾಗದದ ಮೇಲೆ ಬರೆದಿತ್ತು. ಅವಳಿಗೆ ನಗಬೇಕು ಅನ್ನಿಸಿತು, ಅಳು ಬಂತು, ಎರಡನ್ನೂ ನುಂಗಿಕೊಂಡು ಅಭ್ಯಾಸಬಲದಿಂದ, "ಕೊಳವೆ ಬದ್ಲಾಗಿರ್ಬೇಕು ಮೇಡಂ" ಎಂದಳು. ಎಂದ ಮರುಗಳಿಗೆ ಅಂಜನಮೂರ್ತಿಯವರ ತೆರೆಯದ ಡಬ್ಬಿ ನೆನಪಾಗಿ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಶಶಿರೇಖಾ ಅವಳನ್ನೇ ನೋಡಿದರು. "ಒಂದು ಅಂಕಿ ನೋಡಿ ನಿಮಗೆ ಇಂಥದ್ದೇ ಆಗಿದೆ ಅಂತ ನಾನು ಹೇಳಲ್ಲ. ಇದಿನ್ನೂ ಪ್ರಯೋಗ. ಭಾನುವಾರ ಮನೆಗೇ ಬರ್ತೀನಿ. ಇನ್ನೊಂದ್ ಸಲ ರಕ್ತ ತಗೊಂಡು, ಇನ್ನೊಂದ್ ಸಲ ಕೇಳ್ತೀನಿ."

ಭಾನುವಾರ ಬೆಳಗ್ಗೆ ವನಜಾಕ್ಷಿ ಅತ್ತೆಯನ್ನು ಸಾಗಹಾಕುವ ಉಪಾಯ ಹೂಡಿದಳು. ಗೂಳೂರಿನ ಗಣಪತಿಗೆ ಹರಕೆ ಬಾಕಿ ಇದೆ, ಇವತ್ತೇ ಹೋಗಿ ಬನ್ನಿ, ಮಗನೂ ಬರುತ್ತಾನೆ ಎಂದಳು.

"ಈಗ್ಲಾ? ಗೂಳೂರ್ ಗಣಪನ್ನ ಕೂರ್ಸೋದು ದೀಪಾವಳೀಲಲ್ವೇನೇ" ಎಂದಳು ಸಿದ್ದಲಕ್ಷ್ಮಮ್ಮ. "ಮನೇಗೆ ಡಾಕ್ಟ್ರಮ್ಮ ಬರೋ ದಿನ ಮನೆ ಬುಟ್ಟು ಎಲ್ಲೋಗ್ಲಿ? ನಾನೇನು ಸೀರೆ ನೋಡಾಕೆ ಎದ್ದೋಗೋ ಪೈಕಿ ಅಲ್ಲ."

ಕುಣಿಗಲ್ಲಿನ ಸುದ್ದಿ ಅವಳಿಗೆ ಮುಟ್ಟಿತ್ತು. ಅವಳ ನಾದಿನಿಯೇ ಒಂದು ಸೀರೆ ಕೊಂಡಿದ್ದಳು.

ಶಶಿರೇಖಾ ಬಂದು ಕುರ್ಚಿಯಲ್ಲಿ ಕೂತರು. ಅಂಜನಮೂರ್ತಿಯವರು ಬಾಗಿಲ ಬಳಿಯೇ ತಮ್ಮ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಅವರ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಗಂಗರಾಜು ಗೋಡೆಗೆ ಒರಗಿ ನಿಂತ. ವಿಷಯ ಇಂಥದ್ದು ಎಂದು ಡಾಕ್ಟರು ಮೂರು ಮಾತಿನಲ್ಲಿ ಹೇಳಿ, ಕಾಗದ ತೆಗೆದು ಮೊದಲನೆಯ ಪ್ರಶ್ನೆ ಓದಿದರು. ಕೆಳಹೊಟ್ಟೆಯಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ನೋವಿದೆಯೇ?

"ಏನೂ ಇಲ್ಲ ಕಣಮ್ಮ" ಎಂದಳು ಸಿದ್ದಲಕ್ಷ್ಮಮ್ಮ. "ನಾರ್ಮಲ್ಲು. ಗಂಗಾ, ಬೀರೂನಿಂದ ಆ ಕವರ್ ತಗೊಂಬಾರ್ಲಾ."

ಶಶಿರೇಖಾ ಹಳೆಯ ರಿಪೋರ್ಟು ಓದಿದರು. "ಅಜ್ಜಿ, ಇದು ಮಲಗಿಸಿ ತೆಗೆದಿರೋದು. ಮಲಗಿದಾಗ ನಾಳ ಇಳಿದುಹೋಗಿರುತ್ತೆ. ಅವತ್ತು ಕಾಣಲಿಲ್ಲ ಅಂತ ಮಾತ್ರ ಇದರ ಅರ್ಥ" ಎಂದು ಕವರಿಗೆ ವಾಪಸ್ಸು ಸೇರಿಸಿದರು. ಆಮೇಲೆ ಬಾಗಿಲ ಕಡೆ ನೋಡಿದರು. ಅಂಜನಮೂರ್ತಿಯವರು ಎದ್ದು ಪೆಟ್ಟಿಗೆ ತೆರೆದು ಸೂಜಿ ತೆಗೆದರು. ಹೆಸರನ್ನು ಆರು ಸಲ ಕೇಳಿದರು. ಇಪ್ಪತ್ತೆರಡು ವರ್ಷ ಮೂರೇ ಸಲ ಕೇಳಿದ ಮನುಷ್ಯ ಎಂಬುದು ವನಜಾಕ್ಷಿಗೆ ಗೊತ್ತಿತ್ತು.

ಅವಳು ಚಾಚಿದ ತೋಳನ್ನು ಹಿಂದಕ್ಕೆಳೆದುಕೊಂಡಳು.

"ಅಣ್ಣಾ, ಅದ್ರಲ್ಲಿ ನಿಮ್ ತಪ್ಪೇನೂ ಇಲ್ಲ. ಕೊಳವೆ ಸರಿಯಾಗೈತೆ, ರಕ್ತ ನಂದೇ. ಸುಳ್ಳು ಹೇಳ್ದೋಳು ನಾನು" ಎಂದಳು. ಡಾಕ್ಟರ ಕಡೆ ತಿರುಗಿದಳು. "ನೋವೈತೆ ಮೇಡಂ. ಏಳೆಂಟು ವರ್ಷ ಆಯ್ತು. ದಿನಾ ಐತೆ. ಒಂದ್ ಕಮ್ಮಿ ಬಿದ್ದಿತ್ತು ಅಂತ ನನ್ನೇ ಮಧ್ಯಕ್ಕೆ ಸೇರ್ಸ್ಬುಟ್ಟೆ."

ಅಂಜನಮೂರ್ತಿಯವರು ಸೂಜಿಯನ್ನು ಪೆಟ್ಟಿಗೆಗೆ ಇಟ್ಟು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಶಶಿರೇಖಾ ಬಯ್ಯುವರೆಂದು ವನಜಾಕ್ಷಿ ಕಾದಳು. ಅವರು ಬಯ್ಯಲಿಲ್ಲ. ಒಂದು ಸಂಜೆ ಅಂಗಡಿಯಿಂದ ನೇರವಾಗಿ ಕಾಲೇಜಿಗೆ ಬರಬೇಕು, ನಿಲ್ಲಿಸಿ ಸ್ಕ್ಯಾನ್ ಮಾಡಿಸುತ್ತೇನೆ, ನಾಳ ಉಬ್ಬಿರುವುದು ಕಂಡರೆ ಅದಕ್ಕೆ ಔಷಧವಿದೆ, ಬೇರೆ ದಾರಿಗಳೂ ಇವೆ, ಅಂಗಡಿಯಲ್ಲಿ ಕೂರಲು ಸ್ಟೂಲು ಕೊಡಬೇಕೆಂದು ಸಾಹುಕಾರರಿಗೆ ಚೀಟಿ ಬರೆದುಕೊಡುತ್ತೇನೆ ಎಂದರು. ಹಳೆಯ ಕಾಗದವನ್ನು ಬದಿಗಿಟ್ಟು, ನೋವಿರುವವರ ಕಾಗದ ತೆಗೆದು ಹೆಸರು ಬರೆದರು.

"ನೋವೇ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ನಿಮ್ಮದು ಎಷ್ಟು?"

ವನಜಾಕ್ಷಿ ಯೋಚಿಸಿದಳು. "ಎಂಟು."

ಗೋಡೆಗೆ ಒರಗಿದ್ದ ಗಂಗರಾಜುವಿನ ಮುಖ ಬಿಳಿಚಿಕೊಂಡಿತು. ಎಂಟು ವರ್ಷ ಬೀಡಾ ಅಂಗಡಿಗೆ ನಡೆದುಹೋದದ್ದೆಲ್ಲ ಅವನಿಗೆ ಒಟ್ಟಿಗೆ ನೆನಪಾಗಿರಬೇಕು. ಆ ಅಂಕಿಯನ್ನು ಅವನಿಂದ ಸಹಿಸಲಾಗಲಿಲ್ಲ. "ಎಂಟು ಜಾಸ್ತಿ ಆಯ್ತು ಮೇಡಂ" ಎಂದ, ಬೇಡಿಕೊಳ್ಳುವವನ ಹಾಗೆ. "ಐದು ಬರ್ಕೊಳಿ."

"ನೀನ್ ಸುಮ್ಕಿರ್ಲಾ" ಎಂದಳು ಸಿದ್ದಲಕ್ಷ್ಮಮ್ಮ. ಅವಳು ನೆಲ ನೋಡುತ್ತಿದ್ದಳು. "ಒಂಬತ್ತು ಬರ್ಕೊಳಮ್ಮ."

ಶಶಿರೇಖಾ ಪೆನ್ನು ಎತ್ತಿದರು. "ಅಜ್ಜಿ, ನೋವು ಅವರದು. ಅವರು ಎಂಟು ಅಂತಾರೆ."

"ಅವ್ಳು ಎಂಟು ಅಂದ್ರೆ ಒಂಬತ್ತೇ ಇರ್ತದೆ. ಯಾರು ತಾನೇ ಪೂರ್ತಿ ಹೇಳ್ತಾರೆ?" ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಮುದುಕಿ ಹೇಳಿದಳು. "ನಂಗೂ ಇತ್ತು. ಇವ್ನು ಹುಟ್ದಾಗಿಂದ ಮುಟ್ಟು ನಿಲ್ಲೋಗಂಟ ಇತ್ತು. ಗದ್ದೇಲಿ ನಾಟಿ ಹಾಕ್ತಾ ಹಾಕ್ತಾ ಕೆಸರಲ್ಲೇ ಕುಕ್ಕರಿಸ್ಬುಡ್ತಿದ್ದೆ. ನಮ್ಮತ್ತೆ ಏನೇ ಅಂದ್ರೆ ಏನಿಲ್ಲ ಅಂತಿದ್ದೆ. ಇವ್ಳು ನೋವು ನೋವು ಅಂದಾಗೆಲ್ಲ ನಂಗೆ ಸಿಟ್ಟು ಬರೋದು ಕಣಮ್ಮ. ನಾನು ಬಾಯ್ ಮುಚ್ಕೊಂಡು ಇದ್ದಿದ್ದು ಸುಮ್ಸುಮ್ನೆನಾ ಅಂತ."

ವನಜಾಕ್ಷಿ ಸರಿದು ಅತ್ತೆಯ ಪಕ್ಕದಲ್ಲಿ ಕೂತಳು. ಶಶಿರೇಖಾ ಕಾಗದದ ಮೇಲೆ ಅಂಕಿ ಬರೆದು, ಅದರ ಸುತ್ತ ಒಂದು ಸೊನ್ನೆ ಸುತ್ತಿದರು.

ಸಿದ್ದಲಕ್ಷ್ಮಮ್ಮ ಕತ್ತು ಚಾಚಿ ನೋಡಿದಳು. ಅವಳಿಗೆ ಅಂಕಿಯೂ ಬರುತ್ತಿರಲಿಲ್ಲ. ಸೊಸೆಯ ಕಿವಿಯ ಹತ್ತಿರ ಬಾಗಿ, "ಎಷ್ಟು ಬರದವ್ಳೆ?" ಎಂದು ಕೇಳಿದಳು.

ಕಾಗದದ ಮೇಲೆ ಎಂಟು ಎಂದಿತ್ತು.

"ಒಂಬತ್ತೇ ಬರದವ್ರೆ ಅತ್ತೆ" ಎಂದಳು ವನಜಾಕ್ಷಿ.